ಎಂಜಿನ್ ಬದಲಾದ ಹಳೇ ಲಾರಿಗೆ ಯಾವ ಗೇರ್ ಬಾಕ್ಸು?



ಈ ಸಲದ ಗೋಡೆ ಪತ್ರಿಕೆಗೆ ಪ್ರತಿಯೊಬ್ಬರೂ ತಮಗೆ ಗೊತ್ತಿದ್ದ ಒಂದು ಯಂತ್ರದ ಬಗ್ಗೆ ಬರೆಯಬೇಕೆಂದು ವಿಜ್ಞಾನದ ಗುರುಗಳು ಹೇಳಿದರು. ನನಗೆ ಹತ್ತಿರದಿಂದ ಗೊತ್ತಿರುವುದು ಲಾರಿ ಒಂದೇ. ಜೇವರ್ಗಿಯಲ್ಲಿ ನಮ್ಮ ಸೋದರಮಾವನ ಗ್ಯಾರೇಜ್ ಇದೆ. ಸೂಟಿ ಬಿಟ್ಟರೆ ನನ್ನ ಠಿಕಾಣಿ ಅಲ್ಲೇ. ಅಲ್ಲಿಯ ದೊಡ್ಡ ಮಿಸ್ತ್ರಿಗೆ ಎಲ್ಲರೂ ಉಸ್ತಾದ್ ಅಂತಾರ, ನಾನೂ ಹಂಗೇ ಕರೀತೀನಿ. ಈ ಬೇಸಿಗೆಯಲ್ಲಿ ಒಂದು ಹಳೇ ಬಾನೆಟ್ ಗಾಡಿ, ಅಂದರೆ ಮುಂದೆ ಮೂಗು ಇರುವ ಲಾರಿ, ರಿಪೇರಿಗೆ ಬಂತು. ಅದರ ಎಂಜಿನ್ ಬೇರೆ ಗಾಡಿಯದು, ಗೇರ್ ಬಾಕ್ಸು ಅದರದೇ ಹಳೇದು. ಇವೆರಡೂ ಒಂದಕ್ಕೊಂದು ಹೊಂದಿರಲಿಲ್ಲ. ಹೊಂದಿಸಲಿಕ್ಕೆ ಹತ್ತು ದಿನ ಹಿಡಿಯಿತು.

"ಬೋಲ್ಟ್ ಹಾಕಿ ಬಿಗಿದರ ಆತಲ್ಲ, ಹತ್ತು ದಿನ ಯಾಕ ಬೇಕು?" ಅಂತ ನಮ್ಮ ತರಗತಿಯಲ್ಲೇ ಇಬ್ಬರು ಕೇಳಿದರು. ಆ ಪ್ರಶ್ನೆಗೆ ಉತ್ತರವೇ ಈ ಲೇಖನ.

ಮೊದಲು ಗಾಡಿಯ ಕಥೆ. ಅದು ಟಾಟಾ 1210. ಮಾಲೀಕರು ಅಫಜಲಪುರ ತಾಲೂಕಿನವರು. ಚಳಿಗಾಲದಲ್ಲಿ ಹವಳಗಾ ಕಡೆಗೆ, ಕೆಲವೊಮ್ಮೆ ಆಳಂದ ತಾಲೂಕಿನ ಭೂಸನೂರ ಕಡೆಗೆ ಕಬ್ಬು ಹೊಡೆಯುತ್ತಾರೆ. ಬೇಸಿಗೆ ಬಂದರೆ ಮೇಲೆ ಟ್ಯಾಂಕ್ ಕೂಡಿಸಿ ಹಳ್ಳಿಗಳಿಗೆ ನೀರು ಹಾಕುತ್ತಾರೆ. ಗಾಡಿಯ ಮೂಲ ಎಂಜಿನ್ನಿನ ಬ್ಲಾಕ್ ಸೀಳಿತು. ಆಳಂದದಲ್ಲಿ ಒಡೆಯಲಿಕ್ಕೆ ಇಟ್ಟಿದ್ದ ಬೇರೊಂದು ಟಾಟಾ ಲಾರಿಯಿಂದ ದೊಡ್ಡ ಎಂಜಿನ್ ತಂದರು. ಒಂದು ಊರಿನ ಗ್ಯಾರೇಜಿನಲ್ಲಿ ಅದನ್ನು ಹಳೇ ಗೇರ್ ಬಾಕ್ಸಿಗೆ ಒಂದು ಕಬ್ಬಿಣದ ಬಳೆ ನಡುವೆ ಇಟ್ಟು ಕೂಡಿಸಿಕೊಟ್ಟರು. ಗಾಡಿ ಓಡಿತು. ಇಪ್ಪತ್ತು ದಿನ ಚಲೋನೇ ಓಡಿತು.

ಆಮೇಲೆ ಒಂದು ದಿನ ಟ್ಯಾಂಕ್ ತುಂಬಿಕೊಂಡು ಭೀಮಾ ನದಿಯ ಕಡೆಗೆ ಇಳಿಜಾರಿನಲ್ಲಿ ಬರುವಾಗ ಟಾಪ್ ಗೇರ್ ತನ್ನಷ್ಟಕ್ಕೆ ತಾನೇ ಕಳಚಿ ನ್ಯೂಟ್ರಲ್ ಆಯಿತು. ಇಳಿಜಾರಿನಲ್ಲಿ ಗೇರ್ ಇದ್ದಾಗ ಎಂಜಿನ್ ಗಾಡಿಯನ್ನು ಹಿಂದಕ್ಕೆ ಹಿಡಿದಿರುತ್ತದೆ. ಗೇರ್ ಕಳಚಿದರೆ ಆ ಹಿಡಿತ ಹೋಗಿ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಡ್ರೈವರ್ ಅನುಭವಿ. ಬ್ರೇಕ್ ಒತ್ತುತ್ತಾ ಬಿಡುತ್ತಾ ಬದಿಯ ಜಾಲಿಕಂಟಿಯೊಳಗೆ ಗಾಡಿ ಹೊಗಿಸಿ ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ. ಆದ್ರ ನೀರಿಗೆ ಕಾದಿದ್ದ ಊರಿಗೆ ಎರಡು ದಿನ ನೀರು ಹೋಗಲಿಲ್ಲ. ಆಮೇಲೆ ಗಾಡಿಯನ್ನು ಕಟ್ಟಿ ಎಳೆದುಕೊಂಡು ಜೇವರ್ಗಿಗೆ ತಂದರು.

ಈಗ ಲೆಕ್ಕಕ್ಕೆ ಬರೋಣ. ಹೆದರಬೇಡ್ರಿ, ಎಲ್ಲಾ ನಮ್ಮ ಪಾಠದ ಲೆಕ್ಕವೇ.

ಟಾಟಾ ಲಾರಿಗೆ ಇಡುವ ಅಂಕಿಗೆ ಅರ್ಥವಿದೆ. 1210 ಅಂದರೆ ಮೊದಲಿನ 12 ಗಾಡಿ ಮತ್ತು ಸಾಮಾನು ಕೂಡಿದ ಒಟ್ಟು ತೂಕ, 12 ಟನ್. ಹಿಂದಿನ 10 ಅಂದರೆ ಸುಮಾರು 100 ಅಶ್ವಶಕ್ತಿ. ಎಂಜಿನ್ನಿನ ಅಂಕಿಯ ಅರ್ಥ ಬೇರೆ. ಈ ಗಾಡಿಯ ಮೂಲ ಎಂಜಿನ್ 692. ಮೊದಲಿನ 6 ಅಂದರೆ ಆರು ಸಿಲಿಂಡರ್, 92 ಅಂದರೆ ಸಿಲಿಂಡರಿನ ವ್ಯಾಸ 92 ಮಿಲಿಮೀಟರ್. ಆಳಂದದಿಂದ ತಂದದ್ದು 697. ಅದೂ ಆರು ಸಿಲಿಂಡರ್, ವ್ಯಾಸ 97 ಮಿಲಿಮೀಟರ್. ಐದು ಮಿಲಿಮೀಟರ್ ಅಷ್ಟೇ ಅಂತರ ಅನ್ನಿಸುತ್ತದೆ, ಹೌದಲ್ಲ? ಆದರೆ ಪಿಸ್ಟನ್ ಓಡುವ ಉದ್ದವೂ ಬೇರೆ. 692ರಲ್ಲಿ 120 ಮಿಲಿಮೀಟರ್, 697ರಲ್ಲಿ 128. ಸಿಲಿಂಡರಿನ ಘನಫಲದ ಸೂತ್ರ ಎಲ್ಲರಿಗೂ ಬಾಯಿಪಾಠ: ಪೈ ಗುಣಿಲೆ ತ್ರಿಜ್ಯದ ವರ್ಗ ಗುಣಿಲೆ ಎತ್ತರ. ಸೆಂಟಿಮೀಟರಿನಲ್ಲಿ ಹಾಕಿ ಆರರಿಂದ ಗುಣಿಸಿದರೆ 692ಕ್ಕೆ ಸುಮಾರು 4786 ಘನ ಸೆಂಟಿಮೀಟರ್ ಬರುತ್ತದೆ, 697ಕ್ಕೆ 5675. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 1.186. ಅಂದರೆ ಹೊಸ ಎಂಜಿನ್ ನೂರಕ್ಕೆ ಹದಿನೆಂಟರಿಂದ ಹತ್ತೊಂಬತ್ತರಷ್ಟು ದೊಡ್ಡದು.

ಟರ್ಬೊ ಇಲ್ಲದ, ಒಂದೇ ಮನೆತನದ ಎರಡು ಡೀಸೆಲ್ ಎಂಜಿನ್ನುಗಳಲ್ಲಿ ಶಾಫ್ಟನ್ನು ತಿರುಗಿಸುವ ಬಲ ಹೆಚ್ಚುಕಡಿಮೆ ಈ ಘನಫಲದ ಪ್ರಮಾಣದಲ್ಲೇ ಏರುತ್ತದೆ. ಮಿಸ್ತ್ರಿಗಳು ಇದಕ್ಕೆ "ಎಳೆತ" ಎನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಹಳೇ ಗೇರ್ ಬಾಕ್ಸಿನ ಹಲ್ಲುಗಳು ಎಷ್ಟು ಎಳೆತ ತಡೆಯಲಿ ಎಂದು ಮಾಡಿದ್ದವೋ ಅದಕ್ಕಿಂತ ಸುಮಾರು ಐದರಲ್ಲಿ ಒಂದು ಪಾಲು ಹೆಚ್ಚು ಈಗ ಅವುಗಳ ಮೇಲೆ ಬೀಳುತ್ತದೆ. ಬೋಲ್ಟಿನ ತೂತು ಹೊಂದಿದರೂ ಈ ಲೆಕ್ಕ ಹೊಂದುವುದಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಎಂಜಿನ್ ದೊಡ್ಡದಾಯಿತು ಎಂದು 1210 ಗಾಡಿ 1612 ಆಗುವುದಿಲ್ಲ. ಚಾಸಿಸ್, ಪಾಟಾ, ಬ್ರೇಕ್ ಎಲ್ಲ 12 ಟನ್ನಿನವೇ. ಖಾಲಿ ಗಾಡಿ, ಟ್ಯಾಂಕ್, ಡ್ರೈವರ್ ಸೇರಿ 5 ಟನ್ ಎಂದು ಹಿಡಿದರೆ ನೀರಿಗೆ ಉಳಿಯುವುದು 7 ಟನ್, ಅಂದರೆ 7000 ಲೀಟರ್. ಎಂಜಿನ್ ಎಳೀತದ ಅಂತ 10,000 ಲೀಟರ್ ತುಂಬಿದರೆ ಎಳೆಯುವುದೇನೋ ಖರೇ, ನಿಲ್ಲಿಸುವವರು ಯಾರು?

ನಮ್ಮ ದೇಶದಲ್ಲಿ ಎಂಜಿನ್ ಬದಲಿಸುವುದು ಹೊಸದಲ್ಲ. ಟಾಟಾದವರ ಟೆಲ್ಕೊ ಕಂಪನಿ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು 1954ರಲ್ಲಿ ಜಮ್ಶೆಡ್‌ಪುರದಲ್ಲಿ ಡೀಸೆಲ್ ಲಾರಿ ಕಟ್ಟಲು ಶುರು ಮಾಡಿತು. ಆ ಒಪ್ಪಂದ 1969ರವರೆಗೆ ಇತ್ತು. ಅದಕ್ಕೇ ಹಳೇ ಡ್ರೈವರುಗಳು ಈಗಲೂ "ಟಾಟಾ ಮರ್ಸಿಡಿಸ್" ಎನ್ನುತ್ತಾರೆ. ಆ ಕಾಲದಲ್ಲಿ ರಸ್ತೆಯ ಮೇಲೆ ಪೆಟ್ರೋಲ್ ಲಾರಿಗಳೂ ಇದ್ದವು: ಬೆಡ್‌ಫೋರ್ಡ್, ಡಾಡ್ಜ್, ಫಾರ್ಗೊ. ಪೆಟ್ರೋಲ್ ಖರ್ಚು ತಾಳಲಾರದೆ ಜನ ಅವುಗಳಿಗೆ ಡೀಸೆಲ್ ಎಂಜಿನ್ ಹಾಕಿಸುತ್ತಿದ್ದರು. ಇಂಗ್ಲೆಂಡಿನ ಪರ್ಕಿನ್ಸ್ ಕಂಪನಿಯ ಪಿ-6 ಎಂಬ ಆರು ಸಿಲಿಂಡರಿನ ಎಂಜಿನ್ ಇದಕ್ಕೆ ಹೆಸರಾಗಿತ್ತು. 1950ರ ದಶಕದಿಂದ ಮದ್ರಾಸಿನ ಸಿಂಪ್ಸನ್ ಕಂಪನಿ ಪರ್ಕಿನ್ಸ್ ಎಂಜಿನ್ನುಗಳನ್ನು ಇಲ್ಲೇ ತಯಾರಿಸತೊಡಗಿತು.

ಆಗ ಒಂದು ತಮಾಷೆ ಆಗುತ್ತಿತ್ತಂತೆ. ಪೆಟ್ರೋಲ್ ಎಂಜಿನ್ ನಿಮಿಷಕ್ಕೆ 3000ಕ್ಕೂ ಮೇಲೆ ಸುತ್ತುತ್ತದೆ. ಪಿ-6ರ ಮಿತಿ 2400. ಗೇರ್ ಬಾಕ್ಸು, ಕ್ರೌನ್ ಎಲ್ಲಾ ಹಳೇವೇ ಇಟ್ಟು ಎಂಜಿನ್ ಮಾತ್ರ ಬದಲಿಸಿದರೆ ಮೊದಲು 3200 ಸುತ್ತಿಗೆ 64 ಕಿಲೋಮೀಟರ್ ವೇಗ ಕೊಡುತ್ತಿದ್ದ ಗಾಡಿ ಈಗ 2400 ಸುತ್ತಿಗೆ 48ರಲ್ಲೇ ನಿಂತುಬಿಡುತ್ತದೆ. ಎಂಜಿನ್ ಕೂಗುತ್ತದೆ, ಗಾಡಿ ಹೋಗುವುದಿಲ್ಲ. ಮಾಲೀಕ ಎಂಜಿನ್ನಿಗೆ ಬೈಯುತ್ತಾನೆ. ತಪ್ಪು ಎಂಜಿನ್ನಿನದಲ್ಲ, ಲೆಕ್ಕದ್ದು. ಹೊಸ ಎಂಜಿನ್ ಎಷ್ಟು ಎಳೆಯುತ್ತದೆ ಎಂಬುದರ ಜೊತೆಗೆ ಎಷ್ಟು ಸುತ್ತುತ್ತದೆ ಎಂಬುದನ್ನೂ ಕೇಳಬೇಕು. ನಮ್ಮ 692, 697 ಎರಡೂ ಒಂದೇ ಮನೆತನದ ಡೀಸೆಲ್ ಆದದ್ದರಿಂದ ಸುತ್ತಿನಲ್ಲಿ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ. ಎಳೆತದಲ್ಲಿ ಇತ್ತು.

ಇನ್ನು ಗೇರ್ ಯಾಕೆ ಕಳಚಿತು ಎಂಬುದು. ಇದು ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ರುಚಿ ಅನಿಸಿದ ಭಾಗ.

ಎಂಜಿನ್ನಿನ ಹಿಂಬದಿ ಫ್ಲೈವೀಲ್ ಎಂಬ ದೊಡ್ಡ ಚಕ್ರ ಇರುತ್ತದೆ. ಅದಕ್ಕೆ ಕ್ಲಚ್ ಅಂಟಿಕೊಂಡಿರುತ್ತದೆ. ಇವನ್ನು ಮುಚ್ಚುವ ಗಂಟೆಯಾಕಾರದ ಕವಚವೇ ಬೆಲ್ ಹೌಸಿಂಗ್. ಅದರ ಹಿಂದೆ ಗೇರ್ ಬಾಕ್ಸು. ಬಾಕ್ಸಿನಿಂದ ಮುಂದಕ್ಕೆ ಒಂದು ಶಾಫ್ಟ್ ಚಾಚಿಕೊಂಡಿರುತ್ತದೆ. ಅದು ಕ್ಲಚ್ ಪ್ಲೇಟಿನ ನಡುವೆ ತೂರಿ ಹೋಗಿ, ತನ್ನ ತುದಿಯ ಸಣ್ಣ ಮೂಗನ್ನು ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ಹಿಂಬದಿಯ ಪೈಲಟ್ ಬೇರಿಂಗಿನಲ್ಲಿ ಇಟ್ಟುಕೊಂಡು ತಿರುಗುತ್ತದೆ. ಅಂದರೆ ಬೀಸುಕಲ್ಲಿನ ಗೂಟದ ಹಾಗೆ. ಗೂಟ ನಟ್ಟನಡುವೆ ಇದ್ದರೆ ಬೀಸುಕಲ್ಲು ಹಗುರಾಗಿ ತಿರುಗುತ್ತದೆ. ಗೂಟ ಒಂಚೂರು ಸರಿದರೆ ಕೈಗೂ ತ್ರಾಸ, ಕಲ್ಲಿಗೂ ತ್ರಾಸ.

ಟಾಪ್ ಗೇರ್ ಅಂದರೆ ಈ ಮುಂದಿನ ಶಾಫ್ಟನ್ನೂ ಹಿಂದೆ ಹೊರಬರುವ ಶಾಫ್ಟನ್ನೂ ಒಂದು ಹಲ್ಲಿನ ತೋಳು, ಅಂದರೆ ಸ್ಲೀವು, ನೇರವಾಗಿ ಬೆಸೆಯುವುದು. ಎರಡೂ ಶಾಫ್ಟ್ ಒಂದೇ ಗೆರೆಯಲ್ಲಿದ್ದರೆ ಸ್ಲೀವು ತನ್ನ ಜಾಗದಲ್ಲಿ ಕೂತಿರುತ್ತದೆ. ಮುಂದಿನ ಶಾಫ್ಟ್ ಓರೆಯಾಗಿದ್ದರೆ ಪ್ರತಿ ಸುತ್ತಿಗೂ ಸ್ಲೀವಿನ ಹಲ್ಲುಗಳು ಒಂದರ ಮೇಲೊಂದು ಉಜ್ಜಿ ಉಜ್ಜಿ ಚೂಪಾಗಿ ಸವೆಯುತ್ತವೆ. ಎಂಜಿನ್ ಎಳೆಯುತ್ತಿರುವಾಗ ಹಲ್ಲು ಒತ್ತಿಹಿಡಿದುಕೊಂಡಿರುತ್ತವೆ. ಇಳಿಜಾರಿನಲ್ಲಿ ಕಾಲು ತೆಗೆದಾಗ ಭಾರ ತಿರುವುಮುರುವಾಗುತ್ತದೆ, ಆಗ ಸವೆದ ಹಲ್ಲು ಜಾರುತ್ತದೆ. ಇಪ್ಪತ್ತು ದಿನ ಸುಮ್ಮನಿದ್ದು ಆ ದಿನವೇ, ಆ ಇಳಿಜಾರಿನಲ್ಲೇ ಯಾಕೆ ಕಳಚಿತು ಎಂಬುದಕ್ಕೆ ಇದೇ ಕಾರಣ.

ಉಸ್ತಾದ್ ಬಾಕ್ಸು ಇಳಿಸಿ ನೋಡಿದಾಗ ಪೈಲಟ್ ಬೇರಿಂಗ್ ಪುಡಿಯಾಗಿತ್ತು. ಅಳತೆಗೆ ಡಯಲ್ ಗೇಜ್ ತೆಗೆದರು. ಗಡಿಯಾರದ ಮುಳ್ಳಿನಂತಹ ಮುಳ್ಳಿರುವ, ಮಿಲಿಮೀಟರಿನ ನೂರರಲ್ಲಿ ಒಂದು ಪಾಲನ್ನು ತೋರಿಸುವ ಸಾಧನ ಅದು. ಅದನ್ನು ಫ್ಲೈವೀಲಿಗೆ ಕಟ್ಟಿ, ಮುಳ್ಳಿನ ಕಾಲನ್ನು ಬಳೆಯ ಒಳಗಿನ ದುಂಡಗಿನ ಅಂಚಿಗೆ ತಾಗಿಸಿ, ಎಂಜಿನ್ನನ್ನು ಕೈಯಿಂದ ಒಂದು ಪೂರಾ ಸುತ್ತು ತಿರುಗಿಸಿದರು. ತೂತು ನಟ್ಟನಡುವೆ ಇದ್ದರೆ ಮುಳ್ಳು ಅಲುಗಾಡಬಾರದು. ಕಾಲು ಮಿಲಿಮೀಟರಿಗಿಂತ ಕಡಿಮೆ ಅಲುಗಾಡಿದರೆ ನಡೀತದ ಅಂದರು. ಇದು ಒಂದು ಮಿಲಿಮೀಟರಿಗೆ ಹತ್ತಿರ ಓಡಿತು. ಬಳೆಯ ಬೋಲ್ಟಿನ ತೂತುಗಳೆಲ್ಲ ಬರೋಬರ್ ಇದ್ದವು. ನಡುವಿನ ತೂತು ಮಾತ್ರ ಸರಿದಿತ್ತು. ಬೋಲ್ಟ್ ಕೂತಿದೆ ಎಂಬುದನ್ನೇ ನಂಬಿ ಯಾರೂ ಗೇಜ್ ಹಚ್ಚಿ ನೋಡಿರಲಿಲ್ಲ.

"ಬೋಲ್ಟ್ ಹಿಡಿದಿಡ್ತದ, ನಡು ಹಿಡಿಯೂದಿಲ್ಲ" ಎಂದು ಉಸ್ತಾದ್ ಹೇಳಿದರು. ನಡುವನ್ನು ಹಿಡಿಯುವುದು ಬಾಕ್ಸಿನ ಮುಖದ ದುಂಡು ಅಂಚು ಬೆಲ್ ಹೌಸಿಂಗಿನ ದುಂಡು ತೂತಿನಲ್ಲಿ ಗಪ್ಪನೆ ಕೂಡುವುದರಿಂದ.

ಮೂಗಿನ ಉದ್ದವೂ ಅಷ್ಟೇ ಮುಖ್ಯ. ನಡುವೆ ಬಳೆ ಇಟ್ಟರೆ ಬಾಕ್ಸು ಬಳೆಯ ದಪ್ಪದಷ್ಟು ಹಿಂದೆ ಸರಿಯುತ್ತದೆ. ಆಗ ಮೂಗು ಬೇರಿಂಗಿನಲ್ಲಿ ಬರೇ ತುದಿಯಷ್ಟೇ ಕೂತು ಗಡಗಡ ಆಡಬಹುದು. ಬೇರೆ ಬಾಕ್ಸಿನ ಶಾಫ್ಟ್ ಉದ್ದವಿದ್ದರೆ ಇದಕ್ಕೆ ಉಲ್ಟಾ: ಮೂಗು ಕ್ರ್ಯಾಂಕಿನ ಗುಂಡಿಯ ತಳಕ್ಕೆ ತಾಗಿ ಅದನ್ನು ಮುಂದಕ್ಕೆ ದೂಡಿ ಎಂಜಿನ್ನನ್ನೇ ಕೆಡಿಸುತ್ತದೆ. ಇದನ್ನು ನೋಡಲು ಉಸ್ತಾದ್ ಮಾಡುವ ಉಪಾಯ ಸರಳ. ಪೈಲಟ್ ಗುಂಡಿಯ ತಳಕ್ಕೆ ಹದ ಮಾಡಿದ ಜೇಡಿಮಣ್ಣಿನ ಉಂಡೆ ಇಟ್ಟು, ಬಾಕ್ಸನ್ನು ಕೂಡಿಸಿ, ಮತ್ತೆ ತೆಗೆದು ಮಣ್ಣಿನ ಮೇಲಿನ ಅಚ್ಚು ನೋಡುತ್ತಾರೆ. ಮಣ್ಣು ಪೂರಾ ಅಪ್ಪಚ್ಚಿಯಾಗಿದ್ದರೆ ಮೂಗು ಉದ್ದ. ಅಚ್ಚೇ ಬಿದ್ದಿರದಿದ್ದರೆ ಗಿಡ್ಡ ಇರಬಹುದು, ಅಳೆದು ನೋಡಬೇಕು. ಮತ್ತ ಇನ್ನೊಂದು ಕಟ್ಟುನಿಟ್ಟು: ಬಾಕ್ಸಿನ ಮುಖ ಹೌಸಿಂಗಿಗೆ ಕೈಯಿಂದ ದೂಡಿದಾಗಲೇ ಪೂರಾ ಕೂಡಬೇಕು. ಒಂದು ಬೆರಳು ಸಂದು ಉಳಿದಾಗ ಬೋಲ್ಟ್ ಬಿಗಿದು ಎಳೆದು ಕೂಡಿಸಿದರೆ ಒಳಗೆ ಏನೋ ಒಂದು ಮುರಿಯುತ್ತದೆ ಅಥವಾ ಬಾಗುತ್ತದೆ.

ಕ್ಲಚ್ ಪ್ಲೇಟಿನ ವಿಷಯ ಬೇಗ ಹೇಳುತ್ತೇನೆ. ಅದು ಎರಡೂ ಕಡೆಯವರ ನೆಂಟ. ಹೊರಗಿನ ಅಳತೆ ಎಂಜಿನ್ನಿನ ಫ್ಲೈವೀಲಿಗೆ ಹೊಂದಬೇಕು, ಅಂಗಡಿಯಲ್ಲಿ 280, 310 ಎಂದು ಮಿಲಿಮೀಟರಿನಲ್ಲಿ ಕೇಳುತ್ತಾರಲ್ಲ, ಅದು. ನಡುವಿನ ತೂತಿನ ಹಲ್ಲುಗಳು ಗೇರ್ ಬಾಕ್ಸಿನ ಶಾಫ್ಟಿಗೆ ಹೊಂದಬೇಕು. ಹಲ್ಲು ಎಷ್ಟು ಎಂದು ಎಣಿಸಿದರಷ್ಟೇ ಸಾಲದು, ಶಾಫ್ಟಿನ ದಪ್ಪವನ್ನೂ ನೋಡಬೇಕು. ಹಳೇ ಗಾಡಿಯ ಸಣ್ಣ ಪ್ಲೇಟನ್ನೇ ದೊಡ್ಡ ಎಂಜಿನ್ನಿಗೆ ಇಟ್ಟರೆ ಏರಿನಲ್ಲಿ ಜಾರಿ ಸುಟ್ಟ ವಾಸನೆ ಬರುತ್ತದೆ.

ಈಗ ತೀರ್ಮಾನದ ಮಾತು. ಮಾಲೀಕರ ಆಸೆ ಹಳೇ ಬಾಕ್ಸನ್ನೇ ಇಟ್ಟುಕೊಂಡು ಹೊಸ ಬಳೆ ಲೇಥಿನಲ್ಲಿ ಸರಿಯಾಗಿ ಕೊರೆಸುವುದು. ಖರ್ಚು ಕಡಿಮೆ. ಉಸ್ತಾದ್ ಒಪ್ಪಲಿಲ್ಲ. ಬಳೆ ಸರಿಮಾಡಿದರೆ ಗೆರೆ ಸರಿಹೋಗುತ್ತದೆ, ಆದರೆ ಆ ಐದರಲ್ಲಿ ಒಂದು ಪಾಲು ಹೆಚ್ಚಿನ ಎಳೆತ ಹೋಗುವುದಿಲ್ಲ. ಮೇಲಾಗಿ ಆ ಬಾಕ್ಸಿಗೆ ಸಿಂಕ್ರೋ ಇಲ್ಲ. ಗೇರ್ ಬದಲಿಸಲು ಪ್ರತಿ ಸಲ ಡಬಲ್ ಕ್ಲಚ್ ಹೊಡೆಯಬೇಕು: ಒಮ್ಮೆ ಒತ್ತಿ ನ್ಯೂಟ್ರಲ್, ಬಿಟ್ಟು ರೇಸ್ ಹೊಂದಿಸಿ, ಮತ್ತೊಮ್ಮೆ ಒತ್ತಿ ಗೇರ್. (ಎರಡು ಹಲ್ಲಿನ ವೇಗವನ್ನು ತಾನೇ ಸಮ ಮಾಡುವ ಸಿಂಕ್ರೋಮೆಷ್ 1928ರಲ್ಲೇ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಬಂದಿತ್ತು. ನಮ್ಮ ಲಾರಿಗಳಿಗೆ ಬರಲು ಬಹಳ ಕಾಲ ಹಿಡಿಯಿತು.) ಹಳೇ ಡ್ರೈವರಿಗೆ ಅದು ಸಲೀಸು. ಹೊಸ ಹುಡುಗ ಕೂತರೆ ಮೊದಲೇ ಸವೆದ ಹಲ್ಲು ಇನ್ನಷ್ಟು ಹೋಗುತ್ತದೆ.

ಅದಕ್ಕೆ ಉಸ್ತಾದ್ ಹೇಳಿದ್ದು, 697 ಎಂಜಿನ್ ಯಾವ ಗಾಡಿಯಿಂದ ಬಂತೋ ಆ ಗಾಡಿಯ ಬಾಕ್ಸನ್ನೂ ತರ್ರಿ ಅಂತ. ಮಾಲೀಕರು ಮತ್ತೆ ಆಳಂದಕ್ಕೆ ಹೋದರು. ಪುಣ್ಯಕ್ಕೆ ಬಾಕ್ಸು ಇನ್ನೂ ಅಲ್ಲೇ ಬಿದ್ದಿತ್ತು. ಅದು ಬಂದ ಮೇಲೆ ಬಳೆ ಬೇಕಾಗಲಿಲ್ಲ, ಪೈಲಟ್, ಪ್ಲೇಟ್, ಹೌಸಿಂಗ್ ಎಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತವು.

ಹಾಗಂತ ತೊಂದರೆ ಮುಗಿಯಿತೇ? ಇಲ್ಲ. ಅದು ಎಂಜಿನ್ನಿನ ಬಳಿಯಿಂದ ಗಾಡಿಯ ಹಿಂಬದಿಗೆ ಸರಿಯಿತು. ಬಾಕ್ಸನ್ನು ಹೊರುವ ಅಡ್ಡಪಟ್ಟಿಯ ತೂತು ಕೂಡಲಿಲ್ಲ, ಹೊಸದಾಗಿ ಕೊರೆಯಬೇಕಾಯಿತು. ಗೇರಿನ ಕೋಲು ಬೇರೆ ಕಡೆ ಬಂತು, ಕ್ಯಾಬಿನ್ನಿನ ತಳದ ತಗಡು ಕತ್ತರಿಸಬೇಕಾಯಿತು. ಬಾಕ್ಸು ನಾಲ್ಕು ಬೆರಳು ಉದ್ದ ಇದ್ದದ್ದರಿಂದ ಹಿಂದಿನ ಜಾಯಿಂಟ್ ಶಾಫ್ಟ್ ಅಷ್ಟೇ ಗಿಡ್ಡ ಆಗಬೇಕಾಯಿತು. ಅದನ್ನು ಕಲಬುರಗಿಗೆ ಒಯ್ದು ಲೇಥಿನಲ್ಲಿ ಕಡಿದು ಬೆಸುಗೆ ಹಾಕಿಸಿ ತೂಕ ಸಮ ಮಾಡಿಸಿ ತಂದರು. ಕಡಿದು ಬೆಸೆಯುವಾಗ ಶಾಫ್ಟಿನ ಎರಡೂ ತುದಿಯ ಕವಲುಗಳು ಒಂದೇ ನೇರಕ್ಕೆ ಇರಬೇಕು. ಒಂದು ಅಡ್ಡ ಒಂದು ಉದ್ದ ಆದರೆ ಗಾಡಿ ಓಡುವಾಗ ನಡುಗುತ್ತದೆ. ಆದರೆ ಈ ಕೆಲಸಗಳೆಲ್ಲ ಹೊರಗೆ ಕಣ್ಣಿಗೆ ಕಾಣುವಂಥವು, ಸ್ಕೇಲಿನಿಂದ ಅಳೆಯಬಹುದಾದಂಥವು. ಒಳಗಿನ ಓರೆ ಹಾಗಲ್ಲ, ಅದು ಕಳಚಿ ಬೀಳುವ ದಿನದವರೆಗೂ ಕಾಣುವುದಿಲ್ಲ. ಉಸ್ತಾದ್ ಖರ್ಚು ಹೆಚ್ಚಾದರೂ ಈ ದಾರಿ ಹಿಡಿದದ್ದು ಅದಕ್ಕೇ ಎಂದು ನನ್ನ ತಿಳುವಳಿಕೆ.

ಆಳಂದದ ಬಾಕ್ಸು ಕೂಡಿಸುವ ಮೊದಲು ಅದರ ಗೇರುಗಳ ಲೆಕ್ಕ ತೆಗೆಯುವ ಕೆಲಸ ನನಗೆ ಬಿತ್ತು. ಮುಂದಿನ ಶಾಫ್ಟಿಗೂ ಹಿಂದಿನ ಚಕ್ಕೆಗೂ ಸೀಮೆಸುಣ್ಣದ ಗುರುತು ಹಾಕಿ, ಒಂದೊಂದೇ ಗೇರ್ ಹಾಕಿ, ಹಿಂದಿನದು ಒಂದು ಸುತ್ತು ಬರಲು ಮುಂದಿನದು ಎಷ್ಟು ಸುತ್ತಬೇಕು ಎಂದು ಎಣಿಸುವುದು. ಒಂದನೇ ಗೇರಿಗೆ ಏಳೂವರೆ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಎರಡೂವರೆ, ನಾಲ್ಕನೆಯದಕ್ಕೆ ಒಂದೂವರೆ, ಟಾಪಿಗೆ ಒಂದಕ್ಕೊಂದು. ಪುಸ್ತಕ ಇಲ್ಲದೆಯೂ ಯಾವ ಬಾಕ್ಸನ್ನಾದರೂ ಹೀಗೆ ಓದಬಹುದು.

ಹಿಂದಿನ ಹೌಸಿಂಗಿನೊಳಗಿನ ಕ್ರೌನ್ ಮತ್ತು ಪಿನಿಯನ್ನಿಗೂ ಹೀಗೇ ಲೆಕ್ಕ. ಟಾಟಾ ಗಾಡಿಗಳಲ್ಲಿ 6 ಹಲ್ಲಿನ ಪಿನಿಯನ್ನಿಗೆ 41 ಹಲ್ಲಿನ ಕ್ರೌನ್ ಒಂದು ಜೋಡಿ, 7ಕ್ಕೆ 41 ಇನ್ನೊಂದು ಜೋಡಿ. ಯಾವುದಿದೆ ಎಂದು ತಿಳಿಯಲು ಹೌಸಿಂಗ್ ಬಿಚ್ಚಬೇಕಿಲ್ಲ. ಹಿಂಬದಿ ಜ್ಯಾಕ್ ಕೊಟ್ಟು, ಗೇರ್ ನ್ಯೂಟ್ರಲ್ ಇಟ್ಟು, ಎರಡೂ ಬದಿಯ ಗಾಲಿಗಳನ್ನು ಕೂಡಿಯೇ ಒಂದು ಸುತ್ತು ತಿರುಗಿಸಿ ಜಾಯಿಂಟ್ ಶಾಫ್ಟಿನ ಸುತ್ತು ಎಣಿಸಿದರೆ ಆಯಿತು. ಏಳಕ್ಕೆ ಸ್ವಲ್ಪ ಕಡಿಮೆ ಬಂದರೆ 6/41 (ಭಾಗಿಸಿದರೆ 6.83), ಆರಕ್ಕೆ ಸ್ವಲ್ಪ ಕಡಿಮೆ ಬಂದರೆ 7/41 (5.86). ಒಂದೇ ಗಾಲಿ ತಿರುಗಿಸಿ ಇನ್ನೊಂದನ್ನು ಹಿಡಿದಿಟ್ಟರೆ ಲೆಕ್ಕ ಅರ್ಧಕ್ಕರ್ಧ ಬರುತ್ತದೆ, ಮೋಸ ಹೋಗಬೇಡಿ. ನಮ್ಮ ಗಾಡಿಯಲ್ಲಿ ಇದ್ದದ್ದು 6/41.

ಇಲ್ಲಿ ಎರಡನೆಯ ವಾದ ಎದ್ದಿತು. ಮಾಲೀಕರಿಗೆ 7/41 ಬೇಕು, ಗಾಡಿ ಜೋರು ಓಡುತ್ತದೆ ಎಂದು. ನಾನು ನೋಟಿನಲ್ಲಿ ಲೆಕ್ಕ ಮಾಡಿದೆ. ಟೈರ್ ಒಂದು ಸುತ್ತಿಗೆ 3 ಮೀಟರ್ 10 ಸೆಂಟಿಮೀಟರ್ ಸಾಗುತ್ತದೆ. ಎಂಜಿನ್ 2400 ಸುತ್ತಿನಲ್ಲಿ, ಟಾಪ್ ಗೇರಿನಲ್ಲಿ, 6/41 ಇದ್ದರೆ ಗಂಟೆಗೆ 65 ಕಿಲೋಮೀಟರ್, 7/41 ಇದ್ದರೆ 76. ಇನ್ನು ಒಂದನೇ ಗೇರಿನ ಎಳೆತ. 7.5 ಗುಣಿಲೆ 6.83 ಅಂದರೆ ಎಂಜಿನ್ನಿನ ಎಳೆತ ಗಾಲಿಗೆ ಮುಟ್ಟುವಾಗ 51 ಪಟ್ಟು. 7/41ರಲ್ಲಿ 44 ಪಟ್ಟು ಮಾತ್ರ. ಆದರೆ ಎಂಜಿನ್ 1.186 ಪಟ್ಟು ದೊಡ್ಡದಾಗಿದೆಯಲ್ಲ! 44ನ್ನು ಅದರಿಂದ ಗುಣಿಸಿದರೆ 52. ಅಂದರೆ 7/41 ಹಾಕಿದರೆ ಎಳೆತ ಮೊದಲಿನಷ್ಟೇ ಉಳಿದು ವೇಗ ಆರರಲ್ಲಿ ಒಂದು ಪಾಲು ಹೆಚ್ಚುತ್ತದೆ. ಲೆಕ್ಕ ಇಷ್ಟು ಚೆಂದ ಕೂತದ್ದು ನೋಡಿ ನನಗೆ ಭಾಳ ಖುಷಿಯಾಯಿತು.

ಉಸ್ತಾದ್ ನೋಟ್ ನೋಡಿ ನಕ್ಕರು. "ಲೆಕ್ಕ ಬರೋಬರ್ ಅದ. ಆದ್ರ ಬ್ರೇಕಿಂದು ಎಲ್ಲದ ಇದರಾಗ?" ಅಂದರು. ವೇಗ 65ರಿಂದ 76ಕ್ಕೆ ಏರಿದರೆ ನಿಲ್ಲಿಸಬೇಕಾದ ಶಕ್ತಿ ವೇಗದ ವರ್ಗದಷ್ಟು ಏರುತ್ತದೆ, ಇದು ನಮ್ಮ ಭೌತಶಾಸ್ತ್ರದ ಪಾಠದಲ್ಲೇ ಇದೆ. 76ರ ವರ್ಗವನ್ನು 65ರ ವರ್ಗದಿಂದ ಭಾಗಿಸಿ ನೋಡ್ರಿ, 1.37 ಬರುತ್ತದೆ. ಬ್ರೇಕ್ ಮಾತ್ರ ಹಳೇದೇ. ಇನ್ನೊಂದು, ಈ ಗಾಡಿ ಹೈವೇ ಮೇಲೆ ಓಡುವುದಕ್ಕಿಂತ ಹೆಚ್ಚು ಎರೆಹೊಲದಲ್ಲಿ ನಿಲ್ಲುತ್ತದೆ. ಅಕಾಲಿಕ ಮಳೆ ಒಂದು ಬಿದ್ದರೆ ಎರೆಮಣ್ಣು ಗಾಲಿಗೆ ಹೇಗೆ ಮೆತ್ತುತ್ತದೆ ಎಂದು ನಮಗ್ಯಾರಿಗೂ ಹೇಳಬೇಕಿಲ್ಲ. ಅಂಥಲ್ಲಿ ಕಬ್ಬು ತುಂಬಿದ ಗಾಡಿ ನಿಧಾನಕ್ಕೆ, ಕ್ಲಚ್ ಉಜ್ಜದೆ ಹೊರಬರಬೇಕು. 6/41 ಇದ್ದರೆ ಒಂದನೇ ಗೇರಿನಲ್ಲಿ 1500 ಸುತ್ತಿಗೆ ಗಾಡಿ ಗಂಟೆಗೆ ಐದೂವರೆ ಕಿಲೋಮೀಟರಿಗಿಂತ ಕಡಿಮೆ ಹೋಗುತ್ತದೆ, ಮನುಷ್ಯ ಬಿರುಸಾಗಿ ನಡೆದಷ್ಟು. ಅದೇ ಬೇಕು. ಕೊನೆಗೆ 6/41 ಉಳಿಯಿತು.

ನನಗೆ ಅನ್ನಿಸಿದ್ದು, ಡಾಂಬರ್ ರಸ್ತೆಯ ಮೇಲೆಯೇ ಕಲಬುರಗಿ, ಸೊಲ್ಲಾಪುರ ಅಂತ ದೂರ ಹೊಡೆಯುವ, ಬ್ರೇಕ್ ಗಟ್ಟಿ ಇರುವ ಗಾಡಿಯಾಗಿದ್ದರೆ 7/41 ಸರಿ. ಈ ಗಾಡಿಗೆ ಅಲ್ಲ. ಆದರೆ 6/41 ಇಟ್ಟಿದ್ದಕ್ಕೂ ಒಂದು ಬೆಲೆ ಇದೆ. ಹೆಚ್ಚಿನ ಎಳೆತ ಈಗ ಹಿಂದಿನ ಎಕ್ಸೆಲ್ಲುಗಳ ಮೇಲೆ ಬೀಳುತ್ತದೆ. ಅದಕ್ಕೆ ಉಸ್ತಾದ್ ಡ್ರೈವರಿಗೆ ಎರಡು ಮಾತು ಹೇಳಿದರು: ಕೆಸರಿನಲ್ಲಿ ರೇಸ್ ಕೊಟ್ಟು ಕ್ಲಚ್ ಫಟ್ಟನೆ ಬಿಡಬ್ಯಾಡ, ಮತ್ತ ಯಾರಾದರೂ ಪಂಪಿನ ಡೀಸೆಲ್ ಏರಿಸಿಕೊಡ್ತೀನಿ ಅಂದ್ರ ಕೇಳಬ್ಯಾಡ.

ಯಾರಾದರೂ 7/41 ಹಾಕಿಸಿಕೊಂಡರೆ ಸ್ಪೀಡೋಮೀಟರನ್ನು ಮರೆಯಬಾರದು. ಅದರ ತಂತಿ ಬರುವುದು ಗೇರ್ ಬಾಕ್ಸಿನ ಹಿಂಬದಿಯಿಂದ. ಕ್ರೌನ್ ಬದಲಾದದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಮುಳ್ಳು 48 ತೋರಿಸುವಾಗ ಗಾಡಿ ನಿಜವಾಗಿ 56ರಲ್ಲಿ ಇರುತ್ತದೆ.

ಕಾಗದದ ಕೆಲಸವೂ ಉಂಟು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮಾರ್ಪಾಡಿನ ಬಗ್ಗೆ ಇದೆ. ಆರ್.ಸಿ. ಪುಸ್ತಕದಲ್ಲಿ ಎಂಜಿನ್ ನಂಬರ್ ಬರೆದಿರುತ್ತದೆ. ಎಂಜಿನ್ ಬದಲಿಸಿದರೆ ಆರ್.ಟಿ.ಓ. ಕಚೇರಿಯ ಒಪ್ಪಿಗೆ ಪಡೆದು ಹೊಸ ನಂಬರ್ ಬರೆಸಬೇಕು. ಅದಕ್ಕೆ ಹಳೇ ಗಾಡಿ ಒಡೆದವರಿಂದ ಎಂಜಿನ್ ಕೊಂಡ ಚೀಟಿ ಬೇಕು. ಚೀಟಿ ಇಲ್ಲದೆ ಎಂಜಿನ್ ಅಗ್ಗಕ್ಕೆ ಸಿಕ್ಕಿತು ಎಂದು ತಂದರೆ ಅದು ಕಳವಿನ ಮಾಲಾಗಿದ್ದರೂ ಗೊತ್ತಾಗುವುದಿಲ್ಲ. ಅಪಘಾತವಾದರೆ ವಿಮೆಯವರು ಮೊದಲು ಕೇಳುವುದೇ ನಂಬರ್.

ಗಾಡಿ ಹನ್ನೊಂದನೇ ದಿನ ಹೊರಟಿತು. ಮೊದಲು ಖಾಲಿ ಓಡಿಸಿ, ಆಮೇಲೆ ಅರ್ಧ ಟ್ಯಾಂಕ್ ತುಂಬಿ, ಅದೇ ಇಳಿಜಾರಿನಲ್ಲಿ ಉಸ್ತಾದ್ ಪಕ್ಕದಲ್ಲಿ ಕೂತು ಟಾಪ್ ಗೇರಿನಲ್ಲಿ ಕಾಲು ತೆಗೆಸಿ ನೋಡಿದರು. ಗೇರ್ ನಿಂತಿತು. ಒಂದು ವಾರದ ಮೇಲೆ ಬಾಕ್ಸಿನ ಆಯಿಲ್ ಇಳಿಸಿ ಅಯಸ್ಕಾಂತ ಆಡಿಸಿದರು, ಕಬ್ಬಿಣದ ಚೂರು ಅಂಟಲಿಲ್ಲ. ಜಾಯಿಂಟಿನ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿದರು.

ಬಿಚ್ಚಿದ ಹಳೇ ಬಾಕ್ಸು ಈಗ ಗ್ಯಾರೇಜಿನ ಮೂಲೆಯಲ್ಲಿ ಮುಚ್ಚಳ ತೆಗೆದು ಇದೆ. ಸವೆದ ಟಾಪ್ ಗೇರಿನ ಹಲ್ಲುಗಳನ್ನು ಬೆರಳಿನಿಂದ ಮುಟ್ಟಿ ನೋಡಬಹುದು. ಜೇವರ್ಗಿ ಸಂತೆಗೆ ಬಂದವರು ಬರ್ರಿ. ಸೀಮೆಸುಣ್ಣ ಮಾತ್ರ ನೀವೇ ತರಬೇಕು.